ಪೀಠವೇರಿದ ಕಂಡಕ್ಟರಮ್ಮ

ಕುಳಿತವನ ಬೆನ್ನು ನೋಡಿಯೇ ಅವನ ಮತ ಯಾವ ಕಡೆಗೆ ಬೀಳುತ್ತದೆಂದು ಹೇಳಬಲ್ಲ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬನಿದ್ದರೆ ಅವನು ನಾನು. ನಮ್ಮ ದೇಶಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಅದರ ಮೊಟ್ಟಮೊದಲ ಜನಸಭೆಯಲ್ಲಿ, ಆಳುವ ಪಕ್ಷದ ಮುಖ್ಯ ಸಚೇತಕನಾಗಿದ್ದೆ; ಎಂದರೆ ಮತದಾನದ ಹೊತ್ತಿಗೆ ನಮ್ಮವರನ್ನೆಲ್ಲ ದೊಡ್ಡಿಗೆ ದನ ಕೂಡುವಂತೆ ಕೂಡಿ, ತಲೆ ಎಣಿಸಿ, ಪ್ರಧಾನಿಗಳ ಕಿವಿಯಲ್ಲಿ ಸಂಖ್ಯೆಯನ್ನು ಉಸುರುವುದು ನನ್ನ ಉದ್ಯೋಗ. ಉಸುರಿದ ಸಂಖ್ಯೆ ಒಮ್ಮೆಯೂ ತಪ್ಪಿದ್ದಿಲ್ಲ. ಭುಜ ಇಳಿಬಿದ್ದಿದ್ದರೆ ಹೌದು, ಕತ್ತು ಬಿಗಿದಿದ್ದರೆ ಇಲ್ಲ, ಕಿವಿಯ ತುದಿ ಕೆಂಪೇರಿದ್ದರೆ ಆಸಾಮಿ ಮಂತ್ರಿಗಿರಿ ಕೇಳುವವನಿದ್ದಾನೆ. ಸತ್ತವರನ್ನು ಬೋರಲು ಮಲಗಿಸಿ ತೋರಿಸಿದರೂ ಬದುಕಿದ್ದಾಗ ಅವರು ಯಾವ ಪಕ್ಷದವರೆಂದು ಹೇಳಿಬಿಡುತ್ತೇನೆಂದು ನನ್ನ ವೈರಿಗಳೇ ಒಪ್ಪಿಕೊಂಡಿದ್ದರು.

ಆ ಸಭೆಯಲ್ಲಿ ನನ್ನ ವಿದ್ಯೆಗೆ ದಕ್ಕದ ಬೆನ್ನು ಒಂದೇ. ದಕ್ಕುವುದಾದರೂ ಹೇಗೆ? ಅದು ಕುರ್ಚಿಗೆ ಒರಗುತ್ತಲೇ ಇರಲಿಲ್ಲ.

ಕಂಡಕ್ಟರಮ್ಮನೆಂದೇ ದೇಶಕ್ಕೆಲ್ಲ ಪರಿಚಿತರಾದ ಆ ಮಹಾತಾಯಿ ಅರ್ಧ ಆಯುಷ್ಯವನ್ನು ಬಸ್ಸಿನೊಳಗೆ ನಿಂತು ಸವೆಸಿದವರು. ಜನಸಭೆಗೆ ಬಂದ ಮೇಲೂ ನಿಂತೇ ಇದ್ದರು. ಎರಡು ಸಾಲು ಆಸನಗಳ ನಡುವಣ ಓಣಿಯಲ್ಲಿ, ಪಾದಗಳನ್ನು ಮೊಳದಗಲ ದೂರವಿಟ್ಟು, ಮೊಣಕಾಲನ್ನು ತುಸು ಸಡಿಲಬಿಟ್ಟು, ಪ್ರಜಾಪ್ರಭುತ್ವವು ಯಾವ ಗಳಿಗೆಯಲ್ಲಾದರೂ ಗಕ್ಕನೆ ಬ್ರೇಕು ಹಾಕೀತೆಂಬ ಎಚ್ಚರದಲ್ಲಿ ನಿಂತಿರುತ್ತಿದ್ದ ಅವರನ್ನು ಕಂಡರೆ, ಕುಳಿತ ನಮಗೇ ನೆಲ ಅಲ್ಲಾಡಿದಂತಾಗುತ್ತಿತ್ತು. ನಡೆಯುವಾಗ ಸಮತಟ್ಟು ನೆಲದ ಮೇಲೂ ಘಾಟಿಯ ತಿರುವಿನಲ್ಲಿ ವಾಲಿದವರಂತೆ ವಾಲುವರು. ಮೈಮೇಲೆ ಸಾರಿಗೆ ಇಲಾಖೆಯ ಖಾಕಿ ಕೋಟು. ಬೇರೆ ದೇಶದ ರಾಜನೊಬ್ಬ ಔತಣಕ್ಕೆ ಬಂದಾಗಲೂ ಅದೇ ಕೋಟು, ಮಳೆಗೂ ಅದೇ, ಸಾವಿನ ಮನೆಗೂ ಅದೇ. ವರ್ಷಗಟ್ಟಲೆ ಚಿಲ್ಲರೆಯ ಭಾರಕ್ಕೆ ಜೋತು ಅದರ ಬಲಗಿಸೆಯು ಎಡಗಿಸೆಗಿಂತ ಗೇಣುದ್ದ ಕೆಳಗಿಳಿದಿತ್ತಾಗಿ, ಮುಂದಿನಿಂದ ನೋಡಿದವರಿಗೆ ಆಯಮ್ಮನೇ ಒಂದು ಕಡೆಗೆ ಬಗ್ಗಿದಂತೆ ಕಾಣುತ್ತಿತ್ತು. ಬಗ್ಗಿದ್ದು ಕೋಟು ಮಾತ್ರವೆಂಬುದು ತಿಳಿಯಲು ನಮಗೆ ಐದು ವರ್ಷ ಹಿಡಿಯಿತು.

ಇನ್ನು ಅವರ ಕಂಠ. ಅದು ಧ್ವನಿವರ್ಧಕವನ್ನು ನಾಚಿಸುವಂಥದ್ದಲ್ಲ, ಧ್ವನಿವರ್ಧಕವನ್ನು ಮನೆಗೆ ಕಳಿಸುವಂಥದ್ದು. ಒಮ್ಮೆ ಅವರು ಸಭೆಯಲ್ಲಿ "ಹೋಲ್ಡಾನ್!" ಎಂದು ಕೂಗಿದ್ದಕ್ಕೆ ಹೊರಗಿನ ರಸ್ತೆಯಲ್ಲಿ ಹೋಗುತ್ತಿದ್ದ ಎರಡು ಬಸ್ಸು, ಒಂದು ಲಾರಿ ಮತ್ತು ಒಂದು ಶವಯಾತ್ರೆ ನಿಂತುಬಿಟ್ಟವು. ಶವವೂ ಎದ್ದು ಕೂತು ಯಾವ ಸ್ಟಾಪೆಂದು ವಿಚಾರಿಸಿತೆಂದು ಕೆಲವರು ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದಲ್ಲವಾದ್ದರಿಂದ ಆಣೆ ಮಾಡಲಾರೆ. ಕೈಯಲ್ಲಿ ಯಾವಾಗಲೂ ಟಿಕೆಟಿಗೆ ತೂತು ಹಾಕುವ ಹಳೆಯ ಪಂಚು. ಮಂತ್ರಿಗಳು ಹೇಳಿದ್ದನ್ನೇ ಹೇಳಲು ಹೊರಟರೆ ಆಸನದ ಕಬ್ಬಿಣಕ್ಕೆ ಅದರಿಂದ 'ಟಕ್' ಎಂದು ಬಡಿಯುವರು. "ಹಣಕಾಸಿನ ಅಣ್ಣಾ, ಈ ಸ್ಟಾಪು ಆಗಲೇ ಎರಡು ಸಲ ಬಂತು. ದಾರಿ ಗೊತ್ತಿಲ್ಲದಿದ್ರೆ ಕೇಳಿ, ಹೇಳ್ತೀನಿ." ಅವರಿಗೆ ಎಲ್ಲರೂ ಅಣ್ಣಂದಿರೇ: ಪ್ರಧಾನಿ ಅಣ್ಣ, ವಿರೋಧದ ಅಣ್ಣ, ಬಾಗಿಲು ಕಾಯುವ ಅಣ್ಣ. ನಾನು ಎಣಿಕೆ ಅಣ್ಣ.

ಆ ಸಭಾಭವನದ ವೈಭವವನ್ನೂ ಒಂದಿಷ್ಟು ಹೇಳಬೇಕು. ಸ್ವಾತಂತ್ರ್ಯ ಬಂದಾಗ ನಮ್ಮ ಬಳಿ ಬಾವುಟವಿತ್ತು, ನಾಡಗೀತೆಯಿತ್ತು, ನಾಲ್ಕು ಬಣ್ಣದ ಅಂಚೆಚೀಟಿಯಿತ್ತು. ಸಭೆ ಸೇರಲು ಸೂರು ಮಾತ್ರ ಇರಲಿಲ್ಲ. ಹೀಗಾಗಿ ಮುಚ್ಚಿಹೋಗಿದ್ದ ಒಂದು ಸಿನಿಮಾ ಟಾಕೀಸನ್ನು ತೊಳೆದು ಬಳಿದು ಜನಸಭೆಯೆಂದು ಕರೆದೆವು. ಪರದೆಯಿದ್ದ ಜಾಗದಲ್ಲಿ ಸಭಾಧ್ಯಕ್ಷರ ಪೀಠ, ಬಾಲ್ಕನಿಯಲ್ಲಿ ಸಾರ್ವಜನಿಕರು, ಕೆಳಗೆ, ಎದ್ದರೆ ಫಟ್ಟೆಂದು ಮಡಚಿಕೊಳ್ಳುವ ಕುರ್ಚಿಗಳಲ್ಲಿ ನಾವು ನೂರಿಪ್ಪತ್ತು ಮಂದಿ. ಮತದಾರನ ಕೈಗೆ ಆಗ ಎರಡು ಮತಪತ್ರ ಕೊಡುತ್ತಿದ್ದರು. ಒಂದು ತನ್ನ ಕ್ಷೇತ್ರದ ಮನುಷ್ಯನಿಗೆ, ಇನ್ನೊಂದು ತನ್ನ ಮೆಚ್ಚಿನ ಪಕ್ಷಕ್ಕೆ. ಮೊದಲನೆಯದರಿಂದ ತೊಂಬತ್ತು ಜನ ಆರಿಸಿ ಬರುತ್ತಿದ್ದರು. ಎರಡನೆಯದರಲ್ಲಿ ಯಾವ ಪಕ್ಷಕ್ಕೆ ಎಷ್ಟು ಪಾಲು ಮತ ಬಿತ್ತೋ ಅಷ್ಟು ಪಾಲಿಗೆ, ಪಕ್ಷ ಸೂಚಿಸಿದ ಮೂವತ್ತು ಜನ ಬರುತ್ತಿದ್ದರು. ಇವರಿಗೆ ಪಟ್ಟಿಯವರೆಂದು ಹೆಸರು. ಪಟ್ಟಿಯವರಿಗೆ ಕ್ಷೇತ್ರವಿಲ್ಲ, ಕ್ಷೇತ್ರವಿಲ್ಲದ್ದರಿಂದ ಬಾಗಿಲು ತಟ್ಟುವ ಜನವಿಲ್ಲ, ಜನವಿಲ್ಲದ್ದರಿಂದ ರಕ್ತದೊತ್ತಡವೂ ಇಲ್ಲ. ಸ್ವಂತ ಬೀದಿಯ ನಾಯಿಗೂ ಗುರುತು ಸಿಗದ ಪರಮಸುಖಿಗಳು.

ಕಂಡಕ್ಟರಮ್ಮ ಕ್ಷೇತ್ರದಿಂದ ಬಂದವರು, ಅದೂ ಪಕ್ಷೇತರರಾಗಿ. ಬಸ್ ಡಿಪೋ ಇದ್ದ ಆ ಕ್ಷೇತ್ರದಲ್ಲಿ ನಮ್ಮ ಪಕ್ಷ ನಿಲ್ಲಿಸಿದ್ದು ಒಬ್ಬ ಪ್ರಖ್ಯಾತ ವಕೀಲರನ್ನು. ಅವರು ನಲವತ್ತು ಭಾಷಣ ಮಾಡಿದರು. ಆಯಮ್ಮ ಒಂದನ್ನೂ ಮಾಡದೆ, ರಜೆ ಹಾಕಿ, ತನ್ನದೇ ಮಾರ್ಗದ ಬಸ್ಸುಗಳಲ್ಲಿ ಟಿಕೆಟ್ ಕೊಂಡು ಪ್ರಯಾಣಿಕರಂತೆ ಓಡಾಡಿದರು, ಅಷ್ಟೇ. "ಇಪ್ಪತ್ತೆರಡು ವರ್ಷ ನಿಮ್ಮ ಚಿಲ್ಲರೆ ವಾಪಸ್ ಕೊಟ್ಟಿದೀನಿ, ಈ ಸಲ ನಿಮ್ಮ ಓಟು ಕೊಡಿ, ಐದು ವರ್ಷಕ್ಕೆ ಅದನ್ನೂ ವಾಪಸ್ ಕೊಡ್ತೀನಿ." ವಕೀಲರು ಠೇವಣಿಯನ್ನೂ ಕಳೆದುಕೊಂಡರು.

ಸಭೆಯಲ್ಲಿ ಮತ ಹಾಕುವ ಪದ್ಧತಿ ಸರಳವಾಗಿತ್ತು. ಪೀಠದಲ್ಲಿರುವವರು ಕೇಳಬೇಕು, ನಾವು 'ಹೌದು' ಎಂದೋ 'ಇಲ್ಲ' ಎಂದೋ ಒಟ್ಟಿಗೆ ಕೂಗಬೇಕು. ಯಾವ ಕೂಗು ದೊಡ್ಡದೋ ಆ ಕಡೆಗೆ ಗೆಲುವು. ಆದರೆ ಒಬ್ಬನೇ ಒಬ್ಬ ಸದಸ್ಯ ಎದ್ದು ನಿಂತು ಕೇಳಿದರೂ ಸಾಕು, ಅಥವಾ ಪೀಠಕ್ಕೇ ಸಂಶಯ ಬಂದರೂ ಸಾಕು, ಕ್ಷೇತ್ರದ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆಯಬೇಕು. ಕರೆಸಿಕೊಂಡವನು ಎಲ್ಲರೆದುರು ಎದ್ದು ತನ್ನ ಮತವನ್ನು ಬಾಯಿಬಿಟ್ಟು ಹೇಳಬೇಕು. ಕಂಡಕ್ಟರಮ್ಮ ಪ್ರತಿ ಮಸೂದೆಗೂ ಇದನ್ನೇ ಕೇಳುತ್ತಿದ್ದರು. ಬೇಸತ್ತ ಸಭಾಧ್ಯಕ್ಷರು ಒಂದು ದಿನ, ಸದಾ ನಿಂತೇ ಇರುವವರು ಎದ್ದು ನಿಂತಂತೆ ಆಗುವುದಿಲ್ಲವೆಂದು ಗಂಭೀರವಾದ ತೀರ್ಪು ಕೊಟ್ಟರು. ಸಭೆ ಕುರ್ಚಿಯ ಕೈ ಕುಟ್ಟಿತು. ಆಯಮ್ಮ ಪಕ್ಕದ ಕುರ್ಚಿಯನ್ನು ಬಿಡಿಸಿ, ಕೋಟಿನ ಅಂಚು ಎತ್ತಿ, ಕುಳಿತರು. ಕುರ್ಚಿ ಪೂರ್ತಿ ನಲುಗುವ ಮೊದಲೇ ಫಟ್ಟೆಂದು ಎದ್ದರು. "ಈಗ ನಿಂತೆ ಅಲ್ವಾ ಅಣ್ಣಾ? ಕರೀರಿ ಹೆಸರು." ಐದು ವರ್ಷದಲ್ಲಿ ಅವರು ಅಲ್ಲಿ ಕುಳಿತದ್ದನ್ನು ನಾವು ಕಂಡದ್ದು ಅದೊಂದೇ ಗಳಿಗೆ.

ಹೀಗೆ ನಾಲ್ಕು ವರ್ಷ ಚಿಲ್ಲರೆ ವಿಷಯಗಳಿಗೆ ಕಾಡಿದವರು ಐದನೆಯ ವರ್ಷ ನೋಟಿಗೇ ಕೈ ಹಾಕಿದರು.

ಅವಧಿ ಮುಗಿಯುತ್ತ ಬಂದಿತ್ತು. ಚುನಾವಣೆ ಎಂಬ ಶಬ್ದ ಕೇಳಿದರೆ ಆಳುವ ಪಕ್ಷಕ್ಕೆ ಭಯ. ವಿರೋಧ ಪಕ್ಷಕ್ಕೆ ಅದಕ್ಕಿಂತ ಹೆಚ್ಚು. ಹೀಗಾಗಿ ದೇಶದ ಹಿತದೃಷ್ಟಿಯಿಂದ ನಾವು ಒಂದು ತಿದ್ದುಪಡಿಯನ್ನು ಹೆತ್ತೆವು: ರಸ್ತೆಗಳಿನ್ನೂ ಮುಗಿದಿಲ್ಲ, ಮತಪೆಟ್ಟಿಗೆಗಳು ಸಾಲವು, ಜನರೂ ಇನ್ನೂ ಪಕ್ವವಾಗಿಲ್ಲ, ಆದಕಾರಣ ಈ ಸಭೆಯೇ ಇನ್ನು ಮೂರು ವರ್ಷ ಮುಂದುವರಿಯತಕ್ಕದ್ದು. ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಪಾಲು, ಎಂದರೆ ಎಂಬತ್ತು ಮತ, ಬೇಕಿತ್ತು. ವಿರೋಧ ಪಕ್ಷದ ನಾಯಕರು ಹುಟ್ಟಿದ ಮೇಲೆ ಮೊದಲ ಸಲ ನನ್ನ ಹೆಗಲ ಮೇಲೆ ಕೈಯಿಟ್ಟು, "ಕೂಗಿ ಮುಗಿಸಿಬಿಡೋಣ ಕಣ್ರಿ, ಯಾರ ಹೆಸರೂ ಬರೋದು ಬೇಡ," ಎಂದರು. ಒಂದೇ ಒಂದು ಅಡ್ಡಿಯಿತ್ತು. ಅದು ಓಣಿಯಲ್ಲಿ ಖಾಕಿ ಕೋಟು ಹಾಕಿಕೊಂಡು ನಿಂತಿತ್ತು. ಅದೊಂದು ಬಾಯಿ ತೆರೆದರೆ ಹೆಸರು ಕರೆಯಬೇಕಾಗುತ್ತದೆ. ಹೆಸರು ಕರೆದರೆ, ಚುನಾವಣೆ ಬೇಡವೆಂದು ಚುನಾಯಿಸಿದವರೆದುರೇ ಹೇಳಬೇಕಾಗುತ್ತದೆ.

ಆಗ ನನ್ನ ಬುದ್ಧಿ ಮಿಂಚಿತು. ಸಭಾಧ್ಯಕ್ಷರಿಗೆ ಮೈಯಲ್ಲಿ ಹುಷಾರಿಲ್ಲದಾಗ ಪೀಠದಲ್ಲಿ ಕೂರಲು ಸದಸ್ಯರಲ್ಲೇ ಕೆಲವರನ್ನು ಗುರುತಿಸಿಡುವ ಪದ್ಧತಿಯುಂಟು. ಪೀಠದಲ್ಲಿದ್ದವರಿಗೆ ಮತ ಹಾಕುವ ಹಕ್ಕಿಲ್ಲ, 'ಇಲ್ಲ' ಎನ್ನುವ ಹಕ್ಕೂ ಇಲ್ಲ. ಆಯಮ್ಮನನ್ನೇ ಅಲ್ಲಿ ಕೂರಿಸಿದರೆ? ಗೌರವಕ್ಕೆ ಗೌರವ, ಬಾಯಿಗೆ ಬೀಗ. ಪ್ರಧಾನಿಗಳು ನನ್ನನ್ನು ಅಪ್ಪಿಕೊಂಡರು. ಸಭಾಧ್ಯಕ್ಷರು ಆ ದಿನಕ್ಕೆ ಸರಿಯಾಗಿ ಶೀತ ಬರಿಸಿಕೊಳ್ಳಲು ಒಪ್ಪಿದರು.

ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಡಿಪೋ ಹಿಂದಿನ ನೌಕರರ ವಸತಿಯಲ್ಲಿ ಎರಡು ಕೋಣೆ. ಡಿಪೋದಲ್ಲೇ ಮೆಕ್ಯಾನಿಕ್ಕಾಗಿದ್ದ ಯಜಮಾನರು, ಉಗುರಿನಲ್ಲಿ ಗ್ರೀಸು ಮೆತ್ತಿಕೊಂಡ ಮೌನಿ, ಹೆಂಡತಿಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದರು. ಕಿಟಕಿಯ ಬಳಿ ಯಜಮಾನರ ತಾಯಿ ಕಾಲು ಚಾಚಿ ರೇಡಿಯೋಗೆ ಕಿವಿಯಿಟ್ಟಿದ್ದರು.

"ಯಾರಪ್ಪ ನೀನು? ಸಭೆಯೋನಾ?" ಎಂದಿತು ಮುದುಕಿ. "ನಾನಂತೂ ಇವಳಿಗೆ ಓಟು ಹಾಕಿಲ್ಲ, ಮೊದಲೇ ಹೇಳಿಬಿಡ್ತೀನಿ. ಮನೆಯಲ್ಲಿ ಕೇಳೋದು ಸಾಲ್ದು ಅಂತ ರೇಡಿಯೋದಲ್ಲೂ ಇವಳ ಗಂಟಲೇ ಕೇಳಬೇಕಾ?"

"ಅತ್ತೆ ಅದನ್ನ ಬೀದಿಗೆಲ್ಲ ಹೇಳಿ ನನಗೆ ನೂರು ಓಟು ಜಾಸ್ತಿ ತಂದ್ರು, ಎಣಿಕೆ ಅಣ್ಣಾ," ಎಂದು ಕಂಡಕ್ಟರಮ್ಮ ಚಹಾ ಕೊಟ್ಟರು. ತಮ್ಮ ಚಹಾವನ್ನು ಬಾಗಿಲಿಗೆ ಆತು ನಿಂತುಕೊಂಡೇ ಕುಡಿದರು. ವಿಷಯ ಕೇಳಿದ ಮೇಲೆ ಲೋಟ ಕೆಳಗಿಟ್ಟು, "ನಾನು ಅಲ್ಲಿ ಕೂತ್ರೆ 'ಇಲ್ಲ' ಅನ್ನೋ ಹಾಗಿಲ್ಲ, ಅಲ್ವಾ?" ಎಂದರು.

"ಹಾಗೇನಿಲ್ಲಮ್ಮಾ, ಸಂಪ್ರದಾಯ..."

"ಹಾಗೇ ಇದೆ, ಬಿಡಿ. ಮತ್ತೆ ಏನೇನು ಮಾಡಬಹುದು?"

ಮಹಿಳೆಯೊಬ್ಬಳಿಗೆ ಸಿಂಹಾಸನವನ್ನು ವರ್ಣಿಸುವ ಉಮೇದಿನಲ್ಲಿ ನಾನು ಪೀಠದ ಮಹಿಮೆಯನ್ನು ಹೊಗಳಿದ್ದೇ ಹೊಗಳಿದ್ದು. "ಎಲ್ಲಾ ಮಾಡಬಹುದು! ಪೀಠದ ಮಾತಿಗೆ ಎದುರು ಮಾತಿಲ್ಲ. ನೀವು ಎದ್ದು ನಿಂತ್ರೆ ಪ್ರಧಾನಿಯೂ ಬಾಯಿ ಮುಚ್ಚಿ ಕೂತ್ಕೋಬೇಕು. ನೀವು ನಿಂತಿರೋ ತನಕ ಯಾರೂ ಜಾಗ ಬಿಟ್ಟು ಕದಲೋ ಹಾಗಿಲ್ಲ."

"ನಿಂತಿರೋ ತನಕ?"

"ನಿಂತಿರೋ ತನಕ."

ಆಯಮ್ಮ ಗಂಡನ ಮುಖ ನೋಡಿದರು. ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ಅಲ್ಲೇ ನಿಂತು, ಮತ್ತೆ ಚಲಿಸಿತು. "ಆಗಲಿ ಅಣ್ಣಾ, ಬರ್ತೀನಿ," ಎಂದರು. ಮಹಾ ರಾಜತಂತ್ರಜ್ಞನಂತೆ ನಾನು ಮೆಟ್ಟಿಲಿಳಿದೆ. ಬುದ್ಧಿವಂತರಿಗೆ ಮಾತ್ರ ಮಾಡಲು ಬರುವ ದಡ್ಡತನವೊಂದಿದೆ. ಅದನ್ನು ಅಂದು ನಾನು ಸಾಂಗವಾಗಿ ನೆರವೇರಿಸಿದ್ದೆ.

ಮಸೂದೆಯ ದಿನ ಬಾಲ್ಕನಿ ಕಿಕ್ಕಿರಿದಿತ್ತು. ಪತ್ರಿಕೆಯವರು ಬರೆದದ್ದೇ ತಡ, ಯಾವ ಯಾವ ಕ್ಷೇತ್ರದಿಂದಲೋ ಜನ ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಾನು ಬೆನ್ನುಗಳನ್ನು ಓದಿ, ಪ್ರಧಾನಿಗಳ ಕಿವಿಯಲ್ಲಿ "ನೂರ ಹದಿನಾರು" ಎಂದೆ. ಕಂಡಕ್ಟರಮ್ಮ ವಾಲುತ್ತ ವೇದಿಕೆ ಹತ್ತಿದರು. ಕೆತ್ತನೆಯ ಆ ದೊಡ್ಡ ಕುರ್ಚಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು, ಅದರ ಮುಂದೆ ಪಾದ ಅಗಲಿಸಿದರು, ಮತ್ತು ನಿಂತರು.

ಚರ್ಚೆಯೇ ಬೇಡವೆಂದು ಎರಡೂ ಪಕ್ಷಗಳು ಮೊದಲೇ ಮಾತಾಡಿಕೊಂಡಿದ್ದವು. "ಮೂರು ವರ್ಷ ಮುಂದಕ್ಕೆ ಹೋಗೋಕೆ ಒಪ್ಪೋರು ಹೌದು ಅನ್ನಿ," ಎಂದರು ಪೀಠದಿಂದ. ನಾವು ಕೂಗಿದ ಕೂಗಿಗೆ ಟಾಕೀಸಿನ ಸೂರಿನಲ್ಲಿ ಹತ್ತು ವರ್ಷದಿಂದ ಸಂಸಾರ ಹೂಡಿದ್ದ ಪಾರಿವಾಳಗಳು ದೇಶ ಬಿಟ್ಟು ಹೋದವು. "ಒಪ್ಪದೋರು?" ಒಂದು ಕೂಗೂ ಇಲ್ಲ. ನನ್ನ ಮೀಸೆಯೊಳಗೆ ನಗು ಅರಳಿತು.

'ಟಕ್' ಎಂದಿತು ಪಂಚು. "ಪೀಠಕ್ಕೆ ಸಂಶಯ ಬಂದಿದೆ. ಹೆಸರು ಕರೀಬೇಕು."

ಪ್ರಧಾನಿಗಳು ದಡಬಡಿಸಿ ಎದ್ದರು.

"ಕೂತ್ಕೊಳ್ಳಿ ಪ್ರಧಾನಿ ಅಣ್ಣಾ. ಪೀಠ ನಿಂತಿದೆ."

ಕುಳಿತರು. ಕುಳಿತಲ್ಲಿಂದಲೇ ಅರಚಿದರು: "ಇದರಲ್ಲಿ ಸಂಶಯ ಏನ್ರಿ? ವಿರೋಧವಾಗಿ ಒಬ್ಬರೂ ಕೂಗಲಿಲ್ವಲ್ಲ!"

"ಅದೇ ಸಂಶಯ ಅಣ್ಣಾ. ಬಸ್ಸು ತುಂಬ ಜನ ಒಟ್ಟಿಗೆ 'ಆಯ್ತು, ಟಿಕೆಟ್ ಆಯ್ತು' ಅಂತ ಕೂಗಿದ್ರೆ ಯಾರದೋ ಆಗಿಲ್ಲ ಅಂತ ಅರ್ಥ. ಜನ ನಮಗೆ ಐದು ವರ್ಷದ ಸ್ಟಾಪಿನ ತನಕ ಕೊಟ್ಟಿದಾರೆ. ಮುಂದಕ್ಕೂ ಕೂರ್ತೀನಿ ಅನ್ನೋರು ಎದ್ದು, ಮುಖ ತೋರಿಸಿ ಹೇಳ್ಲಿ."

"ನಿಮ್ಮನ್ನ ಆ ಪೀಠದಿಂದ ಇಳಿಸಬೇಕಾಗತ್ತೆ!"

"ಇಳಿಸಿ. ಅದಕ್ಕೂ ಓಟು ಹಾಕಬೇಕಲ್ಲ? ಅದನ್ನೂ ಹೆಸರು ಕರೆದೇ ಹಾಕಿಸ್ತೀನಿ."

ಬಾಲ್ಕನಿಯಲ್ಲಿ ಯಾರೋ ಶಿಳ್ಳೆ ಹಾಕಿದರು. ಆಯಮ್ಮ ಅವರನ್ನೂ ಗದರಿಸಿ ಕೂರಿಸಿದರು. ಮರೆಯಲ್ಲಿ ಹಿಂದಿನ ಬಾಗಿಲತ್ತ ಜಾರುತ್ತಿದ್ದ ನಾಲ್ಕಾರು ಸದಸ್ಯರನ್ನು ಕಂಡು, "ಬಾಗಿಲ ಹತ್ರ ಇರೋ ಅಣ್ಣಂದಿರು ವಾಪಸ್ ಬನ್ನಿ. ಗಾಡಿ ಇನ್ನೂ ನಿಂತಿಲ್ಲ," ಎಂದರು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಪೀಠವು ನಿಂತಿರುವ ತನಕ ಯಾರೂ ಕದಲುವಂತಿಲ್ಲ. ಈ ಪೀಠಕ್ಕೋ, ಕೂರುವ ಅಭ್ಯಾಸವೇ ಇರಲಿಲ್ಲ.

ಆಮೇಲೆ ಕರೆ ಶುರುವಾಯಿತು. ಆ ಕಂಠದಲ್ಲಿ ಕ್ಷೇತ್ರಗಳ ಹೆಸರು ಕೇಳಬೇಕಿತ್ತು. ಗುಮಾಸ್ತರು ಓದುತ್ತಿದ್ದಾಗ ಅವು ಬರಿಯ ಶಬ್ದಗಳಾಗಿದ್ದವು. ಆಯಮ್ಮ ಕರೆದಾಗ ಒಂದೊಂದೂ ಊರಾಗಿ ಎದ್ದು ನಿಂತಿತು. "ಹಳೇ ಸೇತುವೆ!" ಎಂದರೆ ಸೇತುವೆಯ ಕೆಳಗಿನ ಗುಡಿಸಲುಗಳು ಕಂಡವು, "ಉಪ್ಪಿನ ಗೋದಾಮು!" ಎಂದರೆ ಬಾಯಿಯೇ ಉಪ್ಪಾಯಿತು. ಹಳೇ ಸೇತುವೆಯ ಸದಸ್ಯ, ಭುಜ ಇಳಿಬಿಟ್ಟ ನನ್ನ ನಿಷ್ಠಾವಂತ, ಎದ್ದು ಗಂಟಲೊಳಗೇ "ಹೌದು" ಎಂದ. ಬಾಲ್ಕನಿಯಿಂದ ಒಂದು ಅಜ್ಜಿ ಕಂಬಿಯ ಮೇಲೆ ಬಾಗಿ, "ಜೋರಾಗಿ ಹೇಳಪ್ಪ, ಊರಿಗೆ ಹೋಗಿ ಹೇಳಬೇಕು," ಎಂದಿತು. ಅವನು ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅಜ್ಜಿಯನ್ನು ನೋಡಿ, "ಇಲ್ಲ ಅಂದೆ ಅಜ್ಜಿ, ಇಲ್ಲ!" ಎಂದುಬಿಟ್ಟ. ಅಲ್ಲಿಂದ ಮುಂದೆ ಕಟ್ಟೆಯೊಡೆಯಿತು. ಸಭೆಯಲ್ಲಿ ಎಂದೂ ಬಾಯಿ ತೆರೆಯದಿದ್ದ ಮೂಗರು ಕೂಡ ಬಾಲ್ಕನಿಯ ಕಡೆ ತಿರುಗಿ ಇಲ್ಲವೆಂದು ಗರ್ಜಿಸಿದರು. ನನ್ನ ಹೆಗಲ ಮೇಲೆ ಕೈಯಿಟ್ಟಿದ್ದ ವಿರೋಧದ ನಾಯಕರು, ಈ ಕರಾಳ ಮಸೂದೆಯನ್ನು ತಾವು ಮೊದಲ ದಿನದಿಂದಲೂ ವಿರೋಧಿಸುತ್ತ ಬಂದಿರುವುದಾಗಿ ಘೋಷಿಸಿದರು. ಪಟ್ಟಿಯ ಮೂವತ್ತು ಮಂದಿ ಮಾತ್ರ ನಿರಾತಂಕವಾಗಿ ಹೌದೆಂದರು. ಅವರನ್ನು ಕರೆಯಲು ಊರಿನ ಹೆಸರೇ ಇರಲಿಲ್ಲವಲ್ಲ. ನನ್ನ ಸರದಿಯಲ್ಲಿ ನಾನೂ ಹೌದೆಂದೆ. ಸಚೇತಕನೇ ಜಾರಿದರೆ ಕಸುಬಿಗೆ ಮರ್ಯಾದೆಯೆಲ್ಲಿ?

ಹೌದು ಐವತ್ತೆಂಟು. ಮಸೂದೆ ಬಿತ್ತು. ನನ್ನ ನೂರ ಹದಿನಾರು ಬೆನ್ನುಗಳ ವಿದ್ಯೆ ಅದರಡಿಗೆ ಸಿಕ್ಕಿ ಅಲ್ಲೇ ಅಸುನೀಗಿತು. ಕಂಡಕ್ಟರಮ್ಮ ಪಂಚಿನಿಂದ ಎರಡು ಸಲ ಬಡಿದು, "ರೈಟ್," ಎಂದು ವೇದಿಕೆ ಇಳಿದರು.

ಚುನಾವಣೆ ಹೇಳಿದ ಕಾಲಕ್ಕೆ ಬಂತು. ನಾನು ಸೋತೆ, ಎಂಥ ಸೋಲೆಂದರೆ ನನ್ನ ಹೆಂಡತಿ ಇವತ್ತಿಗೂ ಆ ವಿಷಯ ಬಂದರೆ ಅಡುಗೆಮನೆಗೆ ಎದ್ದುಹೋಗುತ್ತಾಳೆ. ಹಳೇ ಸೇತುವೆಯವನು ಗೆದ್ದ. ಆಶ್ಚರ್ಯವೆಂದರೆ ಕಂಡಕ್ಟರಮ್ಮನೂ ಸೋತರು. ನಮ್ಮ ಪಕ್ಷ ಈ ಸಲ ವಕೀಲರನ್ನು ಬಿಟ್ಟು ಡಿಪೋದ ಒಬ್ಬ ಹಸನ್ಮುಖಿ ಡ್ರೈವರನನ್ನೇ ನಿಲ್ಲಿಸಿತ್ತು. ಅಲ್ಲದೆ, ಸಭೆಯಲ್ಲಿ ಜಗಳವಾಡಿದ್ದು ಬಿಟ್ಟರೆ ನಮ್ಮ ಬೀದಿಗೆ ನಲ್ಲಿ ತರಲಿಲ್ಲವೆಂದು ಅವರ ಜನವೂ ಗೊಣಗಿದರು. ಗೊಣಗಿದ್ದು ಸುಳ್ಳೂ ಅಲ್ಲ.

ಇಂಥವರನ್ನು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಹೊಸ ದೇಶವೊಂದು ಹುಟ್ಟಿದಾಗ ಸಂವಿಧಾನ ಬರೆಯುವ ಪಂಡಿತರು ಸಿಗುತ್ತಾರೆ, ಅದರ ಮೇಲೆ ಕೈಯಿಟ್ಟು ಪ್ರಮಾಣ ಮಾಡುವ ಗಣ್ಯರಿಗಂತೂ ಬರವೇ ಇಲ್ಲ, ಪ್ರತಿಮೆಯಾಗಲು ತುದಿಗಾಲಲ್ಲಿ ನಿಂತವರೂ ಬೇಕಾದಷ್ಟು. ಬರೆದ ಮಾತನ್ನು ನಿಜವೆಂದು ನಂಬಿ, ಅದರಂತೆ ನಡೆಯಿರೆಂದು ಮುಲಾಜಿಲ್ಲದೆ ಕೇಳಿ, ಕೇಳಿದ್ದಕ್ಕೆ ತನಗೇ ಕುತ್ತು ಬಂದರೂ ಕೇಳಿದ್ದನ್ನು ವಾಪಸು ತೆಗೆದುಕೊಳ್ಳದ ಜಾತಿ ಮಾತ್ರ ಅಪರೂಪ. ಅವರು ಜೊತೆಯಲ್ಲಿದ್ದಾಗ ಪೀಡೆಯೆನ್ನಿಸುತ್ತಾರೆ. ಅವರಿಂದಾಗಿ ಉಳಿದದ್ದು ಏನೆಂದು ಆಮೇಲೂ ಯಾರೂ ಕೇಳುವುದಿಲ್ಲ, ಉಳಿದಿರುತ್ತದಲ್ಲ, ಅದಕ್ಕೇ.

ಸದಸ್ಯರ ವಸತಿಗೃಹದ ಬೀಗದಕೈ ಒಪ್ಪಿಸಲು ಹೋದ ದಿನ ಕಚೇರಿಯ ಮೆಟ್ಟಿಲ ಮೇಲೆ ಅವರು ಎದುರಾದರು. ಸೋತವರಿಬ್ಬರು ಭೇಟಿಯಾದರೆ ಒಬ್ಬನಾದರೂ ಚುಚ್ಚದೆ ಬಿಡುತ್ತಾನೆಯೇ?

"ಏನು ಕಂಡಕ್ಟರಮ್ಮ," ಎಂದೆ, "ಹಟ ಹಿಡಿದು ಚುನಾವಣೆ ತಂದವರೂ ನೀವೇ, ಅದರಲ್ಲಿ ಮನೆಗೆ ಹೋದವರೂ ನೀವೇ. ನಮ್ಮ ಮಾತು ಕೇಳಿದ್ರೆ ಇನ್ನೂ ಮೂರು ವರ್ಷ ಆರಾಮಾಗಿ ಇರ್ತಿದ್ರಿ. ಏನು ಸಿಕ್ತು ಹೇಳಿ?"

ಆಯಮ್ಮ ತಾವು ಒಂದು ದಿನವೂ ವಾಸ ಮಾಡದ ಕೋಣೆಯ ಬೀಗದಕೈಯನ್ನು ಕಿಟಕಿಯೊಳಗೆ ಕೊಟ್ಟು, ಗುಮಾಸ್ತನಿಂದ ರಸೀದಿ ಇಸಕೊಂಡು, ನನ್ನ ಕಡೆ ತಿರುಗಿ ನಕ್ಕರು.

"ಸಾಕು ಹೋಗಮ್ಮ ಅಂತ ನನಗೆ ಹೇಳಿದ್ದು ಜನ, ಅಣ್ಣಾ. ಇರಮ್ಮ ಅಂತ ಹೇಳೋಕೆ ನೀವ್ಯಾರು?"